ಹನ್ನೊಂದು ಕಡೆ ಒಂದೇ ಟಿಪ್ಪಣಿ

ಪ್ರೂಫ್ ನೋಡುವ ಅಕ್ಕನ ಬಲಗೈಯಲ್ಲಿ ಯಾವಾಗಲೂ ಒಂದು ಹಿಡಿಸೂಡಿ ಕಡ್ಡಿ, ಅಂದರೆ ತೆಂಗಿನ ಪೊರಕೆಯ ಕಡ್ಡಿ, ಇರುತ್ತಿತ್ತು, ಎಡಗೈಯಲ್ಲಿ ಕೆಂಪು ಪೆನ್ನು. ಅವರು ಬರೆಯುತ್ತಿದ್ದದ್ದೇ ಎಡಗೈಯಲ್ಲಿ. ಕಡ್ಡಿಯ ತುದಿ ಸಾಲಿನ ಕೆಳಗೆ ಇರುವೆಯಂತೆ ಒಂದೊಂದೇ ಅಕ್ಷರ ದಾಟಿ ಹೋಗುತ್ತಿತ್ತು. ತಪ್ಪು ಸಿಕ್ಕಲ್ಲಿ ಅದು ನಿಲ್ಲಬೇಕು, ಎಡಗೈ ಬಂದು ಗುರುತು ಹಾಕಬೇಕು. ಪುತ್ತೂರಿನ ನಮ್ಮ ಸಣ್ಣ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಪುಟ ಕಟ್ಟುವವನು ನಾನು, ಆ ಪುಟಗಳಿಂದ ತಪ್ಪು ಹೆಕ್ಕುವವರು ಅವರು. ಹನ್ನೆರಡು ವರ್ಷ ಒಂದೇ ಮೇಜಿನ ಆಚೆ ಈಚೆ ಕುಳಿತಿದ್ದೆವು.

ಸವಣೂರಿನಿಂದ ಬೆಳಗ್ಗಿನ ಬಸ್ಸಿಗೆ ಬರುತ್ತಿದ್ದರು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಪ್ರಾಯದಲ್ಲಿ ಸುಳ್ಯದ ಒಂದು ಪ್ರೆಸ್ಸಿನಲ್ಲಿ, ಸೀಸದ ಅಕ್ಷರ ಜೋಡಿಸುತ್ತಿದ್ದ ಕಾಲದಲ್ಲಿ, ಕೆಲಸ ಕಲಿತವರು. ಕಣ್ಣಿಗೆ ಬಿದ್ದದ್ದನ್ನು ಓದದೆ ಬಿಡುವ ಜನ ಅಲ್ಲ. ನೆಲಗಡಲೆ ಕಟ್ಟಿದ ಪೇಪರಿನ ತುಂಡಿನಲ್ಲೂ ತಪ್ಪು ಹುಡುಕಿ ನನ್ನ ಮುಂದೆ ಹಿಡಿದು, "ನೋಡು ಮಾರಾಯ, ನಿನ್ನ ನೆಂಟರು ಎಲ್ಲ ಕಡೆಯೂ ಇದ್ದಾರೆ" ಎಂದು ನಗುತ್ತಿದ್ದರು.

ಪುಟವನ್ನು ಅವರು ಓದುತ್ತಿದ್ದದ್ದು ಕೆಳಗಿನಿಂದ. ಮೊದಲು ಅಡಿಟಿಪ್ಪಣಿ, ಆಮೇಲೆ ಉಳಿದದ್ದು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ದೊಡ್ಡವರನ್ನು ಕಂಡ್ರೆ ಮೊದಲು ಮುಟ್ಟುದು ಕಾಲನ್ನೇ ಅಲ್ವಾ?" ಎಂದಿದ್ದರು.

ಪಂಜದ ಕಡೆಯ ಕೆಲವು ಹೆಂಗಸರು ಸೇರಿ ಮಳೆಗಾಲದ ಅಡುಗೆಗಳ ಪುಸ್ತಕವೊಂದನ್ನು ನಮ್ಮಲ್ಲಿಗೆ ತಂದರು. ಅಚ್ಚಿನಲ್ಲೂ ಬರಬೇಕು, ಫೋನಿನಲ್ಲೂ ಓದಲು ಸಿಗಬೇಕು ಎಂದು ಅವರ ಆಸೆ. ಅದರಲ್ಲಿ ಕಣಿಲೆಯದ್ದು, ಅಂದರೆ ಎಳೆ ಬಿದಿರಿನದ್ದು, ಹನ್ನೊಂದು ಅಡುಗೆ. ಹನ್ನೊಂದಕ್ಕೂ ಒಂದೇ ಅಡಿಟಿಪ್ಪಣಿ: ಹೆಚ್ಚಿದ ಕಣಿಲೆಯನ್ನು ಮೂರು ದಿನ ನೀರಿನಲ್ಲಿ ಹಾಕಿಡಬೇಕು, ದಿನವೂ ನೀರು ಬದಲಿಸಬೇಕು, ಹಸಿಯದರಲ್ಲಿ ವಿಷವಿದೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತಿರುವ ಸಂಗತಿ.

ಪ್ರೆಸ್ಸಿನ ಧಣಿಗಳಿಗೆ ಪುಟ ಹೆಚ್ಚಾಗುವ ಚಿಂತೆ. "ಒಂದು ಕಡೆ ಪೂರ್ತಿ ಹಾಕಿ, ಉಳಿದ ಕಡೆ ಒಂದನೇ ಟಿಪ್ಪಣಿ ನೋಡಿ ಅಂತ ಹಾಕುವ" ಎಂದರು.

ಅಕ್ಕ ಕಡ್ಡಿ ಕೆಳಗಿಟ್ಟರು. "ಗೊತ್ತಿದ್ದವರಿಗೆ ಟಿಪ್ಪಣಿಯೇ ಬೇಡ ಧಣಿಗಳೇ. ಗೊತ್ತಿಲ್ಲದವರು ಯಾವ ಪುಟದಿಂದ ಒಳಗೆ ಬರ್ತಾರೆ ಅಂತ ನಮಗೆ ಗೊತ್ತುಂಟಾ? ಕೈಯೆಲ್ಲ ಒದ್ದೆ ಮಾಡಿಕೊಂಡು ಒಲೆ ಮುಂದೆ ನಿಂತವಳು ಹಿಂದಿನ ಪುಟ ಮಗುಚುದಾ? ಹನ್ನೊಂದು ಕಡೆಯೂ ಪೂರ್ತಿ ಬೇಕು."

ಧಣಿಗಳು ಸೋತರು. ಅಚ್ಚಿನ ಪುಸ್ತಕದಲ್ಲಿ ಹನ್ನೊಂದು ಕಡೆಯೂ ಟಿಪ್ಪಣಿ ಪೂರ್ತಿಯಾಗಿ ಬಂತು. ಅಕ್ಕ ಎರಡು ಸಲ ಪ್ರೂಫ್ ನೋಡಿ, ಎರಡು ಸಲವೂ ಹನ್ನೊಂದು ಕಡೆ ಸರಿಗುರುತು ಹಾಕಿ, ಕೊನೆಗೆ ಸಹಿ ಮಾಡಿದರು.

ಫೋನಿನದ್ದು ನನ್ನ ಕೆಲಸ. ಅಲ್ಲಿ ಒಂದೇ ಮಾತು ಹನ್ನೊಂದು ಸಲ ಸಾಲಾಗಿ ಬಂದು ನಿಂತದ್ದು ನನಗೆ ಅಸಹ್ಯವಾಗಿ ಕಂಡಿತು. ಟಿಪ್ಪಣಿ ಒಂದನ್ನೇ ಇಟ್ಟು, ಹನ್ನೊಂದು ಅಡುಗೆಯಲ್ಲೂ ಇದ್ದ ಟಿಪ್ಪಣಿಯ ಅಂಕೆಗಳನ್ನು ಅದಕ್ಕೇ ಕಟ್ಟಿದೆ. ಎಲ್ಲಿ ಒತ್ತಿದರೂ ಅದೇ ಟಿಪ್ಪಣಿಗೆ ಹೋಗಬೇಕು. ಭಾರೀ ಬುದ್ಧಿವಂತ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ವಾರ ಕಳೆದ ಮೇಲೆ ಧಣಿಗಳು, ಒಂದೊಂದು ಅಡುಗೆಯನ್ನು ಒಂದೊಂದು ಪುಟ ಮಾಡು, ಜನ ಒಬ್ಬರಿಗೊಬ್ಬರು ಕಳುಹಿಸಲು ಸುಲಭ ಎಂದರು. ಹಾಗೆಯೇ ತುಂಡು ಮಾಡಿದೆ. ಟಿಪ್ಪಣಿ ಮೊದಲನೆಯ ಅಡುಗೆಯ ಜೊತೆ ಹೋಯಿತು. ಉಳಿದ ಹತ್ತರಲ್ಲಿ ಅಂಕೆ ಮಾತ್ರ ಉಳಿಯಿತು, ಒತ್ತಿದರೆ ಏನೂ ಬರುತ್ತಿರಲಿಲ್ಲ. ಇದನ್ನು ನಾನು ನೋಡಿದ್ದೆ. ಮದುವೆ ಕಾಗದಗಳ ರಾಶಿ ಬಿದ್ದಿತ್ತು, ಅದು ಮುಗಿದ ಮೇಲೆ ಸರಿ ಮಾಡಿದರಾಯಿತು ಎಂದುಕೊಂಡೆ.

"ಫೋನಿಗೆ ಹಾಕಿದ್ದನ್ನು ನಾನು ನೋಡುದು ಬೇಡ್ವಾ?" ಎಂದು ಅಕ್ಕ ಕೇಳಿದರು.

"ಎರಡನೇ ಸಲ ನೋಡಿದಿರಲ್ಲ, ಅದೇ ಅಕ್ಕ ಫೋನಿಂದು" ಎಂದೆ. ಸುಳ್ಳು. ಅವರಿಗೆ ಫೋನಿನಲ್ಲಿ ಓದುವುದು ಗೊತ್ತಿರಲಿಲ್ಲ, ನನಗೆ ಇನ್ನೊಂದು ಸಲ ಕೂರುವ ತಾಳ್ಮೆ ಇರಲಿಲ್ಲ.

ಆಟಿ ತಿಂಗಳ ಮಳೆ ಹಿಡಿದಿದ್ದ ಒಂದು ಬೆಳಗ್ಗೆ ಪಂಜದಿಂದ ಧಣಿಗಳಿಗೆ ಫೋನ್ ಬಂತು. ನೆಟ್ಟಣದಲ್ಲಿ ರೈಲ್ವೆ ಕೆಲಸದವರ ಒಂದು ಸಂಸಾರ, ಬಯಲುಸೀಮೆಯಿಂದ ಹೊಸದಾಗಿ ಬಂದವರು. ಆ ಮನೆಯ ಹೆಂಗಸು ದಾರಿ ಬದಿಯಲ್ಲಿ ಕಣಿಲೆ ಕೊಂಡು, ಫೋನಿನಲ್ಲಿ ಬಂದ ನಮ್ಮ ಪುಟ ನೋಡಿ, ಅದೇ ದಿನ ಪಲ್ಯ ಮಾಡಿದ್ದಾಳೆ. ಏಳು ವರ್ಷದ ಮಗಳು ಹೆಚ್ಚು ತಿಂದಿದ್ದಾಳೆ. ಕಡಬದ ಡಾಕ್ಟರು ಪುತ್ತೂರಿಗೆ ಕಳುಹಿಸಿದ್ದಾರೆ. ಮಗುವಿಗೆ ಎಚ್ಚರವಿಲ್ಲ.

ಧಣಿಗಳು ಫೋನ್ ಇಟ್ಟು, "ಪಲ್ಯದ ಪುಟದಲ್ಲಿ ಟಿಪ್ಪಣಿ ಇಲ್ವಂತೆ. ಪ್ರೂಫ್ ನೋಡಿದ್ದು ಯಾರು?" ಎಂದರು.

ನಾನು ನಾಲಿಗೆ ಹೊರಳಿಸುವ ಮೊದಲೇ ಅಕ್ಕ ಹೇಳಿಯಾಗಿತ್ತು: "ನಾನು."

ಅವರ ಕಣ್ಣು ತಪ್ಪಿಸಿ ಕಂಪ್ಯೂಟರಿಗೆ ತಿರುಗಿದೆ. ಹತ್ತು ಪುಟಗಳಲ್ಲೂ ಆ ಟಿಪ್ಪಣಿಯನ್ನು ಪೂರ್ತಿಯಾಗಿ ಅಂಟಿಸಿದೆ. ಕಾಲು ಗಂಟೆ ಸಾಕಾಯಿತು. ಕಾಲು ಗಂಟೆಯ ಕೆಲಸ!

"ಬಾ, ಆಸ್ಪತ್ರೆಗೆ ಹೋಗುವ" ಎಂದು ಅಕ್ಕ ಕೊಡೆ ತೆಗೆದುಕೊಂಡರು.

ಆ ತಾಯಿ ವಾರ್ಡಿನ ಹೊರಗೆ ನೆಲದಲ್ಲಿ ಕುಳಿತಿದ್ದಳು. ನಾವು ಯಾರೆಂದು ಅಕ್ಕ ಹೇಳಿದ ಕೂಡಲೆ ಫೋನ್ ಹಿಡಿದು ಎದ್ದಳು. "ಇದರಾಗ ಇದ್ದಂಗ ಮಾಡೀನ್ರೀ ಅಮ್ಮಾರ, ಒಂದಕ್ಷರ ಬಿಟ್ಟಿಲ್ಲ. ನೋಡ್ರಿ ಬೇಕಾದ್ರ" ಎಂದು ಪುಟ ತೆರೆದಳು. ಪುಟದ ಕೆಳಗೆ ಟಿಪ್ಪಣಿ ಇತ್ತು, ನಾನು ಆಗಷ್ಟೇ ಅಂಟಿಸಿದ್ದು. ಅವಳು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. "ಅಯ್ಯೋ ಶಿವನೇ, ಇಲ್ಲೇ ಐತಲ್ರೀ. ನಾ ನೋಡಲಿಲ್ಲೇನು? ನನ್ನ ಕೂಸಿಗೆ ನಾನ ವಿಷಾ ಹಾಕಿದ್ನೇನು?" ಎಂದು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಳು.

ಅಕ್ಕ ಗೋಡೆಗೂ ಅವಳ ತಲೆಗೂ ನಡುವೆ ಕೈ ಇಟ್ಟರು. "ಇಲ್ಲ ಮಗಾ, ಕೇಳು ಇಲ್ಲಿ. ನಿನ್ನೆ ಅದು ಇರಲಿಲ್ಲ. ಈಗ ಹಾಕಿದ್ದು. ನೀನು ಸರಿಯಾಗಿಯೇ ಓದಿದ್ದಿ. ತಪ್ಪಿದ್ದು ನನ್ನ ಕಣ್ಣು, ನಿನ್ನದಲ್ಲ."

ಒಬ್ಬ ಅಪರಿಚಿತ ಹೆಂಗಸಿನ ತಲೆಯ ಮೇಲಿನ ಹೊರೆಯನ್ನು ಅವರು ಒಂದು ನಿಮಿಷವೂ ಅಲ್ಲಿರಲು ಬಿಡಲಿಲ್ಲ. ಕೊಡೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ ನಾನು ಕಲ್ಲಿನ ಹಾಗೆ ನಿಂತೇ ಇದ್ದೆ. ನಾನು ಹೇಡಿ. ಇದಕ್ಕೆ ಬೇರೆ ಶಬ್ದ ಹುಡುಕುವುದಿಲ್ಲ.

ಎರಡು ದಿನ ಮಗು ಯಾವ ಕಡೆಗೂ ಅಲ್ಲದೆ ಮಲಗಿತ್ತು. ಆ ಎರಡು ದಿನ ನಾನು ಹೇಳಿಕೊಳ್ಳದ ಹರಕೆ ಇಲ್ಲ. ನಿಜ ಹೇಳುತ್ತೇನೆ ಎಂಬ ಹರಕೆ ಮಾತ್ರ ಹೇಳಿಕೊಳ್ಳಲಿಲ್ಲ. ಮೂರನೇ ದಿನ ಮಗು ಕಣ್ಣು ಬಿಟ್ಟು ನೀರು ಕೇಳಿತು. ಸುದ್ದಿ ಬಂದಾಗ ಅಕ್ಕ ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಆಮೇಲೆ ಮುಖ ತೊಳೆದು ಬಂದು ಧಣಿಗಳ ಮುಂದೆ ನಿಂತು, "ಇನ್ನು ನನ್ನ ಕಣ್ಣನ್ನು ನಂಬುದು ಬೇಡ" ಎಂದರು. ಮರುದಿನದಿಂದ ಬರಲಿಲ್ಲ.

ಮೂರು ತಿಂಗಳು ಬಿಟ್ಟು ಸವಣೂರಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಅಕ್ಕ ಇಳಿದುಹೋಗಿದ್ದರು. ಅಚ್ಚಿನ ಪುಸ್ತಕ ಮಡಿಲಲ್ಲಿತ್ತು. "ಹನ್ನೊಂದು ಕಡೆಯೂ ಉಂಟು ಮಾರಾಯ. ಎಣಿಸಿ ಎಣಿಸಿ ಸಾಕಾಯ್ತು. ಎರಡನೇ ಸಲದ್ದರಲ್ಲಿಯೇ ತಪ್ಪಿದ್ದು. ಆ ಪ್ರೂಫಿನ ಕಟ್ಟು ಉಂಟಾ? ಒಂದು ಸಲ ನೋಡ್ತಿದ್ದೆ, ಎಲ್ಲಿ ತಪ್ಪಿತು ಅಂತ ಗೊತ್ತಾದ್ರೆ ಸಾಕು."

ಆ ಕಟ್ಟು ನನ್ನ ಮೇಜಿನ ಕೆಳಗೇ ಇತ್ತು. ಅದರಲ್ಲೂ ಹನ್ನೊಂದು ಕೆಂಪು ಗುರುತು ಇದ್ದವು.

"ರದ್ದಿಗೆ ಹೋಯ್ತು ಅಕ್ಕ" ಎಂದೆ. ಅವರ ತಂಗಿ ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತಿದೆ.

ಮುಂದಿನ ಮಳೆಗಾಲ ಹಿಡಿಯುವ ಮೊದಲು ಅಕ್ಕ ತೀರಿಕೊಂಡರು. ಜ್ವರ ಎಂದರು, ಎದೆ ಎಂದರು. ಸುದ್ದಿ ಬಂದಾಗ ಬೆಳಗ್ಗೆ ಹತ್ತು ಗಂಟೆ. ಕಂಪ್ಯೂಟರ್ ಆರಿಸದೆ ಹೊರಟೆ. ಸವಣೂರಿನ ಅಂಗಳದಲ್ಲಿ ಜನ ಸೇರಿದ್ದರು. ತಂಗಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನನ್ನು ಕಂಡು, "ನಿನ್ನೆಯೂ ಕೇಳಿದ್ಲು, ಆ ಹುಡುಗ ಬಂದ್ನಾ, ಆ ಕಟ್ಟು ಎಲ್ಲಿಯಾದ್ರೂ ಸಿಕ್ಕಿತಾ ಅಂತ" ಎಂದರು.

ಅಲ್ಲೇ ಅವರ ಮುಂದೆ ಕುಸಿದು ಕುಳಿತು ಎಲ್ಲವನ್ನೂ ಹೇಳಿದೆ. ಫೋನಿನ ಪುಟ ಅಕ್ಕ ನೋಡಿಯೇ ಇರಲಿಲ್ಲ, ಟಿಪ್ಪಣಿ ತೆಗೆದವನು ನಾನು, ಅಕ್ಕನ ಕಣ್ಣು ಒಂದು ಕಡೆಯೂ ತಪ್ಪಿರಲಿಲ್ಲ ಎಂದೆ. ಅವರು ಬಯ್ಯಬೇಕಿತ್ತು, ಕೆನ್ನೆಗೆ ಬಾರಿಸಬೇಕಿತ್ತು. ಒಳಗಿನ ಕೋಣೆಯ ಕಡೆ ಕೈ ತೋರಿಸಿದರು.

"ನನಗೆ ಎಂತಕ್ಕೆ ಹೇಳುದು? ಒಳಗೆ ಮಲಗಿಸಿದ್ದಾರೆ. ಹೋಗಿ ಅವಳಿಗೆ ಹೇಳು" ಎಂದರು.

ಹೋದೆ. ಚಾಪೆಯ ಪಕ್ಕ ಕುಳಿತು, ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಹೇಳಿದೆ. ಕೋಣೆ ತುಂಬ ಜನ ಇದ್ದರು. ಎಲ್ಲರೂ ಕೇಳಿಸಿಕೊಂಡರು, ಅಕ್ಕ ಒಬ್ಬರನ್ನು ಬಿಟ್ಟು.