ಮೀನೆಣ್ಣೆ ಹಚ್ಚಿದ ಕ್ಯಾಡಿಲ್ಯಾಕ್

ನನ್ನ ತಮ್ಮ ಮಂಗೇಶನಿಗೆ ಕಾರಿನ ಹುಚ್ಚು. ಓಡಿಸುವ ಕಾರಲ್ಲ, ಅಂಗೈ ಮೇಲೆ ಕೂರುವ ಲೋಹದ ಆಟಿಕೆ ಕಾರು. ಅದೂ ಅಂತಿಂಥದ್ದಲ್ಲ, ಅಮೆರಿಕದ ಶ್ರೀಮಂತರು ಹಿಂದೆ ಮೆರೆಸುತ್ತಿದ್ದ ಉದ್ದುದ್ದ ಕ್ಯಾಡಿಲ್ಯಾಕ್, ಲಿಂಕನ್, ಪ್ಯಾಕಾರ್ಡ್‌ಗಳ ಹಳೆಯ ಮಾದರಿಗಳೇ ಆಗಬೇಕು ಮಹಾರಾಯನಿಗೆ. ಅವುಗಳಲ್ಲಿ ಒಂದು ನಿಜವಾಗಿ ಬಂದರೂ ಬಂದರಿನ ಪಕ್ಕದ ಬೈತಖೋಲದ ನಮ್ಮ ಕೇರಿಯ ತಿರುವಿನಲ್ಲಿ ಸಿಕ್ಕಿಬಿದ್ದು ಕೋಳಿಗಳಿಗೆ ಗೂಡಾದೀತು.

ಚಿಕ್ಕವನಿದ್ದಾಗ ಬಂದರಿಗೆ ಬಂದ ಹಡಗಿನ ಖಲಾಸಿಯೊಬ್ಬ ಇವನಿಗೆ ಗುಲಾಬಿ ಬಣ್ಣದ ಕ್ಯಾಡಿಲ್ಯಾಕ್ ಕೊಟ್ಟಿದ್ದ. ಆ ಪುಣ್ಯಾತ್ಮ ಹೋದ, ಹುಚ್ಚು ಉಳಿಯಿತು. ನಾವೆಲ್ಲ ಬಲೆ ಎಳೆಯುವವರು. ಇವನಿಗೆ ದೋಣಿ ಹತ್ತಿದರೆ ವಾಂತಿ. ಅಂಕೋಲೆಯ ಬಟ್ಟೆ ಅಂಗಡಿಯ ಕೆಲಸಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ನಿಂತುಕೊಂಡೇ ಬಂದು, ಕೂತು ಕಾರು ಒರೆಸುತ್ತಾನೆ. ಗಾಜಿನ ಕಪಾಟು ತುಂಬ ಕಾರು. ಹೆಂಡತಿ ವೈಜಯಂತಿಯ ಸೀರೆಗಳು ಮಂಚದಡಿಯ ಟ್ರಂಕಿನಲ್ಲಿ. ಹಿಂದೊಮ್ಮೆ ಅವನ ಸ್ವಂತ ಮಗಳು ಪ್ರಗತಿ, ಇನ್ನೂ ಪುಟ್ಟ ಕೂಸು, ಒಂದನ್ನು ನೆಲಕ್ಕಿಟ್ಟು ತಳ್ಳಿದ್ದಕ್ಕೆ ಕೈಗೆ ಹೊಡೆದಿದ್ದ, ನಾಚಿಕೆಗೆಟ್ಟವ.

ಈ ವರ್ಷ ಮಡಗಾಂವದ ಆಶಿಷ ಎಂಬವರು ಹಳೆಯ ಆಟಿಕೆಗಳ ಪ್ರದರ್ಶನಕ್ಕೆ ಇವನ ಕಾರುಗಳನ್ನು ಆರಿಸಲು ಬರುವುದಾಗಿ ಫೋನ್ ಮಾಡಿದರು. ಕಾರುಗಳ ಪಕ್ಕ ಮಂಗೇಶನ ಹೆಸರು ಬರೆದೇ ಇಡುತ್ತಾರಂತೆ.

"ದಾದಾ, ಈಗಾದ್ರೂ ಊರಿಗೆ ಗೊತ್ತಾಗ್ತದೆ ನಾ ಯಾರಂತ" ಎಂದ.

ಊರಿಗೆ ಮೊದಲೇ ಗೊತ್ತಿತ್ತು.

ಆಗ ಮಳೆಗಾಲ, ಮೀನುಗಾರಿಕೆ ಬಂದ್. ದೋಣಿಯನ್ನು ದಡಕ್ಕೆಳೆದು, ಹಲಗೆ ಕೆಡದಿರಲೆಂದು ಮೀನೆಣ್ಣೆ ಹಚ್ಚುತ್ತಿದ್ದೆ. ಅರ್ಧ ಡಬ್ಬಿ ಎಣ್ಣೆ ಕಾಣೆಯಾಯಿತು. ಬೆಕ್ಕು ಚೆಲ್ಲಿರಬೇಕೆಂದು ಬೈದೆ. ಅದೇ ವಾರ ಮಂಗೇಶ ಕಪಾಟಿಗೆ ಚಾದರ ಹೊದಿಸಿ, ಆಶಿಷ ಬರುವ ತನಕ ಯಾರೂ ಮುಟ್ಟಬಾರದೆಂದ. ನಮ್ಮ ಮನೆಯಲ್ಲಿ ಮೀನಿನ ವಾಸನೆ ಹೊಸದೇನಲ್ಲ, ಯಾರ ಮೂಗಿಗೂ ಸಂಶಯ ಬರಲಿಲ್ಲ.

ಮಳೆ ಇಳಿದ ಮೇಲೆ ಆಶಿಷ ಬಂದರು. ಬಿಳಿ ಕೈಗವಸು ಹಾಕಿಕೊಂಡು ಕಪಾಟು ತೆರೆದವರು ಮೂಗು ಮುಚ್ಚಿಕೊಂಡರು. ಗುಲಾಬಿ ಕ್ಯಾಡಿಲ್ಯಾಕ್ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಬಾನೆಟ್ಟಿನ ಮೇಲೆ ನೊಣವೊಂದು ಅಂಟಿಕೊಂಡು ಸತ್ತಿತ್ತು.

"ಇದಕ್ಕೆ ಏನು ಹಚ್ಚಿದ್ದೀರಿ?" ಎಂದು ಕೇಳಿದರು.

"ಉಪ್ಪುಗಾಳಿಗೆ ತುಕ್ಕು ಹಿಡೀಬಾರ್ದಂತ ಎಲ್ಲದಕ್ಕೂ ಮೀನೆಣ್ಣೆ" ಎಂದ ಮಂಗೇಶ. "ನಮ್ಮಲ್ಲಿ ದೋಣಿಗೆ ಅದೇ ಹಚ್ಚೂದು."

ದೋಣಿ ಹತ್ತಲಾಗದವನಿಗೆ ದೋಣಿಯ ವಿದ್ಯೆ ಬೇಕಾಯಿತು ನೋಡಿ. ಆಶಿಷ ಕೈಗವಸು ಕಳಚಿಟ್ಟು, ವೈಜಯಂತಿ ತಂದ ಚಹಾವನ್ನೂ ಮುಟ್ಟದೆ ಹೊರಟುಹೋದರು.

ಮಂಗೇಶ ಕಪಾಟಿನ ಮುಂದೆ ಕುಳಿತೇ ಇದ್ದ. "ದಾದಾ, ದೋಣಿಗೆ ಹಚ್ಚಿದ್ರೆ ಏನೂ ಆಗೂದಿಲ್ಲಲ್ಲ?"

ನನಗೆ ಸಿಟ್ಟು ತಡೆಯಲಿಲ್ಲ. "ದೋಣಿ ನೀರಿಗೆ ಇಳೀತದೆ ಮಾರಾಯ. ನಿನ್ನ ಕಾರು ಒಂದಿನ ಆದ್ರೂ ನೆಲಕ್ಕೆ ಇಳಿದದ್ದುಂಟಾ?"

ಅವನು ಖಲಾಸಿ ಕೊಟ್ಟ ಕ್ಯಾಡಿಲ್ಯಾಕನ್ನು ಎತ್ತಿ ನೆಲಕ್ಕಿಟ್ಟು, ಬೆರಳಿನಿಂದ ಮೆಲ್ಲಗೆ ತಳ್ಳಿದ. ಎಣ್ಣೆ ಒಣಗಿ ಗೋಂದಿನಂತಾಗಿತ್ತು. ಚಕ್ರ ತಿರುಗಲಿಲ್ಲ.