ಚಿಗವ್ವ ನೀರು ಒಲ್ಲೆ ಎಂದ ದಿನ

ಸೊಸೆ ನೆಲ ಒರೆಸುವ ನೀರಿಗೆ ಫಿನಾಯಿಲ್ ಹಾಕಿದರೆ ನನಗೆ ಬಾಯಾರುತ್ತದೆ. ಎಷ್ಟು ಕುಡಿದರೂ ಹೋಗದ ಬಾಯಾರಿಕೆ ಅದು. "ಏನ್ರಿ ಅತ್ತಿ, ಈ ವಾಸನಿ ಬಂತಂದ್ರ ತಂಬಗಿ ಹಿಡೀತೀರಿ" ಎಂದು ಅವಳು ನಗುತ್ತಾಳೆ. ನಾನೂ ನಗುತ್ತೇನೆ. ಎಪ್ಪತ್ತು ವರ್ಷದ ಹಿಂದಿನ ಮಾತನ್ನು ನೆಲ ಒರೆಸುವ ಹೊತ್ತಿನಲ್ಲಿ ಎಲ್ಲಿಂದ ಶುರು ಮಾಡಲಿ? ನಿಮಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ನನ್ನ ಚಿಗವ್ವನಂಥವಳು ಒಬ್ಬಳು ಇದ್ದಿರಬೇಕು.

ಇಳಕಲ್ಲಿನ ನಮ್ಮ ಮನೆಯ ವಾಸನೆಗಳೇ ಬೇರೆ. ನೂಲಿಗೆ ಹಚ್ಚಿದ ಗಂಜಿಯ ಹುಳಿ, ಬಣ್ಣದ ಹಂಡೆಯ ಘಾಟು, ಹೆಂಚಿನ ಮೇಲೆ ರೊಟ್ಟಿ ಉಬ್ಬುವಾಗಿನ ಜೋಳದ ಘಮ. ಪಡಸಾಲೆಯಲ್ಲಿ ನೆಲ ತೋಡಿ ಕೂರಿಸಿದ ಎರಡು ಕುಣಿಮಗ್ಗಗಳಿದ್ದವು. ಒಂದರಲ್ಲಿ ಅಪ್ಪ ನೇಯುತ್ತಿದ್ದ, ಇನ್ನೊಂದರಲ್ಲಿ ಅವನ ತಮ್ಮ, ನಮ್ಮ ಕಾಕಾ. ಕಾಕಾನ ಹೆಂಡತಿ ಗಂಗವ್ವನೇ ನನ್ನ ಚಿಗವ್ವ. ಮೂಲೆಯಲ್ಲಿ ಕೂತು ರಾಟಿಯಿಂದ ನೂಲು ಸುತ್ತುತ್ತ, ಅತ್ತೆಯ ಕಣ್ಣು ತಪ್ಪಿಸಿ ನನ್ನ ಬಾಯಿಗೊಂದು ತನ್ನ ಬಾಯಿಗೊಂದು ಬೆಲ್ಲದ ಚೂರು ಹಾಕಿಕೊಳ್ಳುತ್ತಿದ್ದಳು. ನನಗೆ ಒಂಬತ್ತು, ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನನ್ನನ್ನು ಅಕ್ಕರೆಯಿಂದ ತಂಗಿ ಎಂದೇ ಕರೆಯುತ್ತಿದ್ದಳು. ತಾಯಿತಂದೆ ಇಲ್ಲದವಳಾದ್ದರಿಂದ ಬಾಣಂತನಕ್ಕೆ ತವರಿನ ಮಾತೇ ಇರಲಿಲ್ಲ. ಮೊದಲ ಕೂಸು ಆ ಮನೆಯಲ್ಲೇ ಹುಟ್ಟಿ, ಒಮ್ಮೆಯೂ ಅಳದೆ ಹೋಗಿತ್ತು. ಎರಡನೆಯದು ಹೊಟ್ಟೆಯಲ್ಲಿದ್ದಾಗ ಕಾಕಾ ಹಟ ಹಿಡಿದ: "ಈ ಸಲ ದವಾಖಾನಿಗೇ ಒಯ್ತೇನಿ." ಆಯಿ, ಅಂದರೆ ನನ್ನಪ್ಪನ ತಾಯಿ, ಮಗನ ಜೊತೆ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನೇ ಹಳೆಯ ಸೀರೆ ಹರಿದು, ಮಡಿಚಿ, ಗಂಟು ಕಟ್ಟಿದಳು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಮಗ್ಗದ ಕುಣಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದ್ದಾರಂತೆ.

ದವಾಖಾನೆ ಎತ್ತಿನ ಗಾಡಿಯಲ್ಲಿ ಎರಡು ತಾಸಿನ ದಾರಿ. ಅದರ ಹೆಸರು ಬೇಡ, ಊರೂ ಬೇಡ, ಆ ಕಟ್ಟಡವೂ ಈಗಿಲ್ಲ. "ಶಾಂತವ್ವ ಬರಲಿ" ಎಂದು ಚಿಗವ್ವ ಅಂದದ್ದಕ್ಕೆ ನನ್ನನ್ನೂ ಗಾಡಿ ಹತ್ತಿಸಿಕೊಂಡರು. ಅಲ್ಲಿ ಇಳಿದ ಕೂಡಲೇ ಆಯಿಗೂ ನರ್ಸಬಾಯಿಗೂ ಜಗಳ ಹತ್ತಿತು. "ನಾ ಆರು ಹಡದಾಕಿ, ನನಗ ಹೇಳ್ತಿಯೇನ?" ಎಂದು ಆಯಿ ಕೈ ತಿರುವಿದಳು. ನರ್ಸಬಾಯಿ ಅವಳನ್ನು ಕಂಪೌಂಡಿನ ಆಚೆಗೆ, ಕಾಕಾ ಗಾಡಿ ಬಿಟ್ಟಿದ್ದ ಬೇವಿನ ಗಿಡದ ಕೆಳಗೆ ಕಳಿಸಿ ಗೇಟು ಹಾಕಿಸಿದಳು. ಬಾಗಿಲ ಪಕ್ಕದ ಗೋಡೆಗೆ ಆತು ನಿಂತಿದ್ದ ನನ್ನನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೊಸ್ತಿಲಲ್ಲೇ ಚಿಗವ್ವನ ಬಳೆ ಬಿಚ್ಚಿಸಿದರು. ಆಮೇಲೆ ನರ್ಸಬಾಯಿ ಕೊರಳಿಗೆ ಬೆರಳು ತೋರಿಸಿದಳು. ಅಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ ದಾರದಲ್ಲಿ ತೂಗುತ್ತಿತ್ತು. ನಮ್ಮಲ್ಲಿ ಲಿಂಗ ಮೈಮೇಲಿಂದ ಇಳಿಯುವುದಿಲ್ಲ, ಮುಟ್ಟಿನಲ್ಲೂ ಇಲ್ಲ, ಹೆರಿಗೆಯಲ್ಲೂ ಇಲ್ಲ. ಹಾಗೇನಾದರೂ ಇಳಿದರೆ, ಮತ್ತೆ ಕಟ್ಟಿಕೊಳ್ಳುವ ತನಕ ಒಂದು ಹನಿ ನೀರನ್ನೂ ಬಾಯಿಗೆ ಹಾಕುವಂತಿಲ್ಲ. "ಅದೊಂದು ಬ್ಯಾಡ್ರಿ ಬಾಯಾರ, ನಿಮ್ಮ ಕಾಲ ಬೀಳ್ತೇನಿ" ಎಂದಳು ಚಿಗವ್ವ. "ಇದು ದವಾಖಾನಿ, ಮಠ ಅಲ್ಲ. ತಗದ್ರ ಒಳಗ ಬಾ, ಇಲ್ಲಂದ್ರ ಗಾಡಿ ಹತ್ತು." ಅಷ್ಟರಲ್ಲಿ ನೋವು ಬಂತು. ಚಿಗವ್ವ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದಳು. ನೋವು ಇಳಿದ ಮೇಲೆ ದಾರವನ್ನು ತಲೆಯ ಮೇಲಿಂದ ತೆಗೆದು ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟಳು. "ಕೆಳಗ ಇಡಬ್ಯಾಡ. ಯಾರ ಕೈಯಾಗೂ ಕೊಡಬ್ಯಾಡ, ನನ್ನ ತಂಗಿ." ಬಾಗಿಲು ಮುಚ್ಚಿ ಒಳಗಿನಿಂದ ಅಗಳಿ ಬಿತ್ತು.

ಚೈತ್ರದ ಬಿಸಿಲು. ವರಾಂಡದ ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಎರಡೂ ಕೈ ಜೋಡಿಸಿ ಕರಡಿಗೆ ಹಿಡಿದುಕೊಂಡು ನಿಂತವಳು ನಾನು ಕೂರಲಿಲ್ಲ. ಕೂತರೆ ಎಲ್ಲಿ ನೆಲಕ್ಕೆ ತಾಗೀತೋ ಎಂಬ ಅಂಜಿಕೆ. ಮೂಗಿನ ಮೇಲೆ ನೊಣ ಕೂತರೂ ಓಡಿಸುವಂತಿರಲಿಲ್ಲ. ಗೇಟಿನ ಆಚೆ ಆಯಿಯ ದನಿ ಕೇಳುತ್ತಿತ್ತು, ಅಲ್ಲಿಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲವೆಂದು ಗೊತ್ತಿತ್ತು. ಕಡೆಗೆ ನಿಂತಲ್ಲೇ ಲಂಗ ಒದ್ದೆಯಾಯಿತು. ನಾಚಿಕೆಯಿಂದ ಅಳು ಬಂತು, ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಳಗಿನದೆಲ್ಲ ಕೇಳಿಸುತ್ತಿತ್ತು. "ನೀರ ಕುಡಿ." "ಒಲ್ಲೆನ್ರಿ." "ಸೊಕ್ಕ ನೋಡ ಈಕಿದು!" ಆಮೇಲೆ ಬರಿಯ ಮೈಮೇಲೆ ಅಂಗೈ ಬಿದ್ದ ಸದ್ದು. ನರ್ಸಬಾಯಿ ಗಂಡಹೆಂಡಿರ ಮಾತೆತ್ತಿ ಏನೋ ಹಂಗಿಸಿದಳು. ಅದು ನನಗೆ ಆಗ ತಿಳಿಯಲಿಲ್ಲ. ಮುಂದೆ ನಾನೇ ಹೆರುವಾಗ ತಿಳಿಯಿತು, ಆವತ್ತಿನ ಸಿಟ್ಟು ಇನ್ನೂ ಇದೆ. ನಮ್ಮ ಚಿಗವ್ವ ಚೀರಲಿಲ್ಲ. ಚೀರಿದ್ದರೆ ನಾನು ಬಾಗಿಲು ಬಡಿಯುತ್ತಿದ್ದೆನೋ ಏನೋ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದು ನರ್ಸಬಾಯಿ ಚಹಾಕ್ಕೆ ಹೋದಳು. "ಹುಸೇನಬಿ, ನೋಡ್ಕೋ" ಎಂದು ಕೂಗಿ ಹೇಳಿದ್ದು ನೆನಪಿದೆ. ನೆಲ ಒರೆಸುವ ಹೆಂಗಸು ಫಿನಾಯಿಲ್ ಬಕೆಟ್ಟಿನೊಂದಿಗೆ ಹೊರಗೆ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಯವ್ವಾ, ನಿಮ್ಮ ಚಿಗವ್ವನ ತುಟಿ ಒಡದಾವು. ಕೊರಳಾಗ ಅದು ಇಲ್ದ ನೀರ ಮುಟ್ಟಂಗಿಲ್ಲ ಅಂತ ಕಣ್ಣ ಮುಚ್ಚಿ ಬಡಬಡಸ್ತಾಳ. ನೀ ಒಳಗ ಬಂದ್ರ ನನ್ನ ಕೆಲಸ ಹೋಗ್ತದ. ಕೊಡು, ನರ್ಸಬಾಯಿ ಬರೂದ್ರಾಗ ನಾ ಒಯ್ದು ಕಟ್ತೇನಿ." ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ. ಅವಳಿಗೆ ತಿಳಿಯಿತು. ಸೊಂಟದಿಂದ ಒಗೆದ ಬಿಳಿ ಅರಿವೆಯೊಂದನ್ನು ತೆಗೆದು ಎರಡೂ ಕೈಯಲ್ಲಿ ಹಾಸಿ ಹಿಡಿದಳು. "ನಾ ಮುಟ್ಟೂದಿಲ್ಲ. ನೀನ ಇದರಾಗ ಸುತ್ತಿ ಇಡು." ಆ ಅರಿವೆ ಎಷ್ಟು ಹೊತ್ತು ನನ್ನ ಮುಂದಿತ್ತು! "ನೀ ಕಸಾ ಬಳಿಯಾಕಿ, ಮತ್ತ ಮುಸಲರಾಕಿ" ಎಂದೆ ನಾನು. ಮನೆಯಲ್ಲಿ ಯಾರೂ ನನ್ನನ್ನು ಕೂರಿಸಿಕೊಂಡು ಆ ಮಾತನ್ನು ಕಲಿಸಿರಲಿಲ್ಲ. ಕಲಿಸದೆಯೂ ಬಂದಿತ್ತು. ಹುಸೇನಬಿ ಅರಿವೆ ಮಡಿಚಿಟ್ಟುಕೊಂಡು ನನ್ನ ಕಾಲಬಳಿಯ ಒದ್ದೆಯನ್ನು ಒರೆಸಿ ಒಳಗೆ ಹೋದಳು.

ಗಂಡು ಹುಟ್ಟಿದ್ದು ಹೊತ್ತಿಳಿದ ಮೇಲೆ. ನನ್ನನ್ನು ಒಳಗೆ ಬಿಟ್ಟಾಗ ಚಿಗವ್ವ ಮೊದಲು ಕೈ ಚಾಚಿದ್ದು ಕರಡಿಗೆಗೆ, ಆಮೇಲೆ ತಂಬಿಗೆಗೆ. ಗಟಗಟ ಕುಡಿದಳು, ನೀರು ಗದ್ದದಿಂದ ಇಳಿದು ಎದೆ ತೊಯ್ದಿತು. ಕೆನ್ನೆಯ ಮೇಲೆ ಬೆರಳ ಗುರುತಿತ್ತು. "ಯಾರರ ನಿನ್ನ ಹತ್ರ ಬಂದು ಇದನ್ನ ಕೇಳಿದ್ರೇನ, ತಂಗಿ? ಒಬ್ಬರಿಗರ ನನ್ನ ಸಂಕಟ ತಿಳೀತೇನ?" ಎಂದು ಕೇಳಿದಳು. ಹೌದು ಎಂದರೆ ಯಾಕೆ ಕೊಡಲಿಲ್ಲ ಎಂದಾಳು. ಕೊಡಬೇಡ ಎಂದವಳೂ ಅವಳೇ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. "ಯಾರೂ ಇಲ್ಲ" ಎಂದೆ.

ಎರಡು ವರ್ಷದ ಮೇಲೆ ಮತ್ತೆ ದಿನ ತುಂಬಿದವು. ದವಾಖಾನೆಯ ಮಾತೆತ್ತಿದರೆ ಚಿಗವ್ವ ರಾಟಿ ನಿಲ್ಲಿಸಿಬಿಡುತ್ತಿದ್ದಳು. "ಸತ್ರ ಮನ್ಯಾಗ ಸಾಯ್ತೇನಿ. ಅಲ್ಲಿ ಒಬ್ಬರೂ ನನ್ನ ಮನಶ್ಯಾಳಂತ ನೋಡಲಿಲ್ಲ." ಆ 'ಒಬ್ಬರೂ' ನನ್ನ ಸುಳ್ಳಿನಿಂದ ಬಂದದ್ದು. ನಾಳೆ ಹೇಳುತ್ತೇನೆ ಎಂದುಕೊಂಡು ನಾನು ದಿನ ನೂಕಿದೆ. ಒಂದು ಬೆಳಿಗ್ಗೆ ಮನೆಯಲ್ಲೇ ಹೆಣ್ಣುಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು, ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಕಾಕಾ ಗಾಡಿ ಹೂಡಿ ಬಂದು ಹೆಂಡತಿಯ ಮುಂದೆ ಕೈಮುಗಿದು ನಿಂತ. ಅವಳು ನಡುಮನೆಯ ಕಂಬ ತಬ್ಬಿಕೊಂಡು "ಒಲ್ಲೆ, ಒಲ್ಲೆ" ಎನ್ನುತ್ತಲೇ ಇದ್ದಳು. ಎಳೆದೊಯ್ಯುವ ಧೈರ್ಯ ಯಾರಿಗೂ ಬರಲಿಲ್ಲ, ಹೀಗೆ ಒಂದು ತಾಸು ಹೋಯಿತು.

ಆಗ ನಾನು ಅವಳ ಕಿವಿಯ ಹತ್ತಿರ ಕೂತು ಎಲ್ಲ ಹೇಳಿದೆ, ಬಿಳಿ ಅರಿವೆಯ ಮಾತನ್ನೂ, ನಾನಂದ ಮಾತನ್ನೂ. ಚಿಗವ್ವ ನನ್ನ ಕಡೆ ಮುಖ ತಿರುಗಿಸಿದಳು. "ಖರೇನ?" "ಖರೆ, ಚಿಗವ್ವಾ." ಕಂಬದಿಂದ ಕೈ ಬಿಟ್ಟಳು. "ಹಂಗಾರ ನಡೀರಿ" ಎಂದಳು.

ಗಾಡಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಹಳ್ಳ ದಾಟಿದ ಮೇಲೆ ಕಣ್ಣು ಮುಚ್ಚಿಕೊಂಡೇ "ಹೆಸರೇನಂದಿ ಆಕಿದು?" ಎಂದು ಕೇಳಿದಳು. ಹೇಳಿದೆ. "ಮೊದಲ ಹೇಳಬಾರದಿತ್ತೇನ, ತಂಗಿ" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಆ ಮಾತನ್ನು ಇಷ್ಟು ವರ್ಷ ಹೊರುತ್ತಿರಲಿಲ್ಲ.

ದವಾಖಾನೆಯ ಮೆಟ್ಟಿಲ ಮುಂದೆ ಗಾಡಿ ನಿಂತಾಗ ಇಳಿಸುವ ಅವಸರ ಯಾರಿಗೂ ಇರಲಿಲ್ಲ. ಆಯಿ ಗಾಡಿಯ ಗಾಲಿ ಹಿಡಿದು ನೆಲಕ್ಕೆ ಕುಸಿದಳು. ಒಳಗಿನಿಂದ ಹುಸೇನಬಿ ಬಂದಳು, ಕೈ ತೊಳೆದುಕೊಂಡು ಗಾಡಿ ಹತ್ತಿದಳು. ಚಿಗವ್ವನ ತೆರೆದ ಬಾಯಿ ಮುಚ್ಚಿ, ಸೆರಗು ಸರಿಮಾಡಿ, ಹಣೆಯ ಮೇಲಿನ ಕೂದಲು ಹಿಂದೆ ಸರಿಸಿದಳು. ಮುಟ್ಟಬೇಡ ಎಂದು ನಮ್ಮಲ್ಲಿ ಯಾರೂ ಅನ್ನಲಿಲ್ಲ.