ಎದುರು ಮಾತಾಡಿದ ಮಾವ

ಸಿರ್ಸಿಯಲ್ಲಿ ನಾವು ಕೆಲವರು ಸೇರಿ ಜರ್ಮನ್ ಸಿನಿಮಾಗಳನ್ನು ತೋರಿಸುತ್ತಿದ್ದ ಕಾಲದಲ್ಲಿ ಚಿಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜನ ಬರದಿದ್ದರೆ? ಕರೆಂಟು ಹೋದರೆ? ಒಮ್ಮೆ ತೋರಿಸಿದ್ದು ಹಿಟ್ಲರನ ಅಧಿಕಾರಿಯೊಬ್ಬನನ್ನು ಯುದ್ಧ ಮುಗಿದ ಮೇಲೆ ವಿಚಾರಣೆ ಮಾಡುವ ಕಥೆ. ಪರದೆಯ ಇಂಗ್ಲಿಷ್ ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳಲು ಹುಲಗೋಳದ ನನ್ನ ಸೋದರಮಾವನನ್ನು ಕೂರಿಸಿದ್ದೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ನಡೆಸುವ ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದವರು. ಎದುರು ಪಾತ್ರಕ್ಕೆ ಉತ್ತರ ಕೊಡದೆ ಬಿಟ್ಟವರಲ್ಲ.

"ನಾನು ಆಜ್ಞೆ ಪಾಲಿಸಿದೆ, ಅಷ್ಟೇ" ಎಂದ ಅಧಿಕಾರಿ. ಮಾವ ಅದನ್ನು ಕನ್ನಡದಲ್ಲಿ ಹೇಳಿದವರೇ ಪರದೆಯತ್ತ ತಿರುಗಿ ನಮ್ಮ ಮನೆಮಾತಿನಲ್ಲಿ ಅಧಿಕಾರಿಯನ್ನೇ ಕೇಳಿದರು.

"ಆಜ್ಞೆ ಬಂತು ಹೇಳಿ ಮಾಡಿದ್ಯಾ? ನಿಂಗೆ ಸ್ವಂತ ಬುದ್ಧಿ ಹೇಳದು ಇತ್ತಿಲ್ಯಾ ಮಾರಾಯಾ?"

ಚಪ್ಪಾಳೆ ಬಿತ್ತು. ಮಾವ ಸಾಲು ಓದಿ ಹೇಳುವುದು ಬಿಟ್ಟು ಅಧಿಕಾರಿಯ ಜೊತೆ ವಾದ ಮಾಡುತ್ತಲೇ ಹೋದರು. ನ್ಯಾಯಾಧೀಶರ ತೀರ್ಪು ಏನೆಂದು ಯಾರಿಗೂ ತಿಳಿಯಲಿಲ್ಲ. ಕಾರ್ಯಕ್ರಮ ಕೆಟ್ಟಿತೆಂದು ಬೆವೆತ ನಾನು, "ಮಾವ, ಅದು ಸಿನಿಮಾ" ಎಂದು ಪಿಸುಗುಟ್ಟಿದೆ.

"ಆದ್ರೆ ಎಂತಾತು? ಎದುರು ಮಾತಾಡಲೆ ಒಬ್ಬ ಬೇಕಲಾ?"

ಈಗ ಮಾವ ಇಲ್ಲ. ಮೊನ್ನೆ ಅದೇ ಸಿನಿಮಾ ಮೊಬೈಲಿನಲ್ಲಿ ಸಿಕ್ಕಿತು. ಅಧಿಕಾರಿಯ ಆ ಮಾತು ಬಂದಲ್ಲಿ ನಿಲ್ಲಿಸಿ, ಮಾವನ ಉತ್ತರವನ್ನು ನಾನೇ ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಯವರು ಕೇಳಿಸಿಕೊಂಡರೋ ಏನೋ ಎಂಬ ಚಿಂತೆ ಆಮೇಲೆ ಶುರುವಾಯಿತು.